ಜಂಬದ ಚೀಲದಲ್ಲಿ ಮಡಿಲಕ್ಕಿ

ಜನವರಿ 18, 1981, ಭಾನುವಾರ

ಬಂತು! ಬ್ಯಾಂಕಿನ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದ ಇವರು ನಿನ್ನೆ ಸಂಜೆ ಬಂದವರೇ ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ಮಂಚದ ಮೇಲಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ಕೈಕಾಲು ತೊಳೆಯಲು ಹೋದರು. ಬಿಚ್ಚಿ ನೋಡಿದರೆ ವ್ಯಾನಿಟಿ ಬ್ಯಾಗು. ಕಂದು ಬಣ್ಣ, ಹಿತ್ತಾಳೆಯ ಕೊಂಡಿ, ಒಳಗೆ ಕೆಂಪು ಬಟ್ಟೆಯ ಲೈನಿಂಗು. ಮುಚ್ಚಿದರೆ ಟಿಕ್ ಎನ್ನುತ್ತದೆ. ಆ ಸದ್ದು ಕೇಳುವುದಕ್ಕೇ ಎಷ್ಟು ಸಲ ತೆರೆದು ಮುಚ್ಚಿದೆನೋ.

“ನಾನು ತಂದಿರೋದು ಜಂಬದ ಚೀಲ ಮಾತ್ರ. ಜಂಬ ನಿನ್ನ ಹತ್ರ ಮೊದ್ಲೇ ಇತ್ತಲ್ಲ, ಅನಸೂಯಾ” ಎಂದು ಇವರು ಕಿಚಾಯಿಸಿದರು. ಮುಟ್ಟಲು ಬಂದಾಗ ಕೈ ಒರೆಸಿಕೊಂಡು ಬನ್ನಿ ಎಂದೆ. ಒರೆಸಿಕೊಂಡು ಬಂದರೂ ಕೊಡಲಿಲ್ಲ.

ಮದುವೆಯಾಗಿ ಕೋಲಾರಕ್ಕೆ ಬಂದು ವರ್ಷವಾಗುತ್ತಾ ಬಂತು. ಇಷ್ಟು ದಿನ ಮಹಿಳಾ ಸಮಾಜಕ್ಕೆ ನಾನು ಹಿಡಿದು ಹೋಗುತ್ತಿದ್ದದ್ದು ನಾನೇ ಹೆಣೆದ ಹಸಿರು ವೈರ್ ಬ್ಯಾಗು. ಇವರ ಮ್ಯಾನೇಜರರ ಹೆಂಡತಿ ಶ್ಯಾಮಲಮ್ಮನವರು ಒಮ್ಮೆ ಅದನ್ನು ನೋಡಿ, “ಇಲ್ಲಿಂದ ಮಾರ್ಕೆಟ್ಟಿಗೆ ಹೋಗ್ತೀರಾ?” ಎಂದು ಕೇಳಿದ್ದರು. ಅವರು ಸಹಜವಾಗಿಯೇ ಕೇಳಿದ್ದು. ನಾನು ಮಾತ್ರ ಕುಗ್ಗಿಹೋದೆ. ಇನ್ನು ಆ ತಾಪತ್ರಯ ಇಲ್ಲ.

ಒಂದೇ ಕೊರತೆ. ಇದು ಚರ್ಮದ್ದಲ್ಲ, ರೆಕ್ಸಿನ್ನು. ಆದರೆ ನೋಡಿದರೆ ಅಂಗಡಿಯವನಿಗೇ ಗೊತ್ತಾಗುವುದಿಲ್ಲವಂತೆ.

ಜನವರಿ 24

ಸಮಾಜದಲ್ಲಿ ಎಲ್ಲರೂ ನೋಡಿದರು. ಶ್ಯಾಮಲಮ್ಮನವರು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, “ಲೆದರ್ರಾ? ತುಂಬಾ ಚೆನ್ನಾಗಿದೆ” ಎಂದರು. ನಾನು ಹೂಂ ಎಂದುಬಿಟ್ಟೆ. ಬಾಯಿಂದ ತಾನಾಗಿಯೇ ಬಂತು.

ಸಮಾಜದ ವಾರ್ಷಿಕೋತ್ಸವಕ್ಕೆ ಅವರು ಒಂದು ಪ್ರದರ್ಶನ ಇಡುತ್ತಾರಂತೆ, ಹೆಂಗಸರ ಕೈಚೀಲ ನಡೆದುಬಂದ ದಾರಿ ಎಂದು. ಅವರ ಹತ್ತಿರವೇ ನಾಲ್ಕೈದು ಬಗೆಯ ಬ್ಯಾಗುಗಳಿವೆ. ಮಣಿಯದು, ಜರಿಯದು, ಭುಜಕ್ಕೆ ಹಾಕುವುದು, ಕಂಕುಳಲ್ಲಿ ಒತ್ತಿ ಹಿಡಿಯುವುದು. “ಆದ್ರೆ ಇವೆಲ್ಲ ನಿನ್ನೆ ಮೊನ್ನೆಯವು. ಎಲ್ಲಕ್ಕೂ ಮೂಲ ನಮ್ಮ ಎಲೆ ಅಡಿಕೆ ಸಂಚಿ. ಅದು ಯಾರ ಹತ್ರ ಇದೆ?” ಎಂದು ಕೇಳಿದರು. ಎಲ್ಲರೂ ಮುಖ ಮುಖ ನೋಡಿಕೊಂಡರು. ನಾನು, “ನಮ್ಮ ದೊಡ್ಡಮ್ಮನ ಹತ್ರ ಇದೆ, ಈಗ್ಲೂ ಸೊಂಟಕ್ಕೆ ಸಿಗಿಸ್ಕೋತಾರೆ” ಎಂದೆ. ಹೇಳಿದ ಮೇಲೆ, ಈಗಲೂ ಎನ್ನುವ ಮಾತು ಬೇಕಿರಲಿಲ್ಲ ಅನ್ನಿಸಿತು.

ಮುಂದಿನ ಭಾನುವಾರ ಅವರ ಕಾರಿನಲ್ಲೇ ಟೇಕಲ್‌ಗೆ ಹೋಗುವುದಂತೆ. ದೊಡ್ಡಮ್ಮನ ಮನೆಯಲ್ಲಿ ಕೂರಿಸಲು ಸರಿಯಾದ ಕುರ್ಚಿ ಕೂಡ ಇಲ್ಲ. ಇರುವ ಒಂದು ಕುರ್ಚಿಯ ಮೇಲೆ ದೊಡ್ಡಪ್ಪನ ಪಂಚೆ ಒಣಗುತ್ತಿರುತ್ತದೆ.

ಫೆಬ್ರವರಿ 1, ಭಾನುವಾರ

ಹೋಗಿಬಂದದ್ದಾಯಿತು. ತಲೆ ಸಿಡಿಯುತ್ತಿದೆ. ಆದರೂ ಬರೆಯುತ್ತೇನೆ.

ನಾವು ಹೋದಾಗ ದೊಡ್ಡಮ್ಮ ರೇಷ್ಮೆಹುಳುವಿನ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಕಾರಿನ ಸದ್ದಿಗೆ ಹೊರಗೆ ಬಂದು, “ಬಂದ್ಯಾ ತಲ್ಲೀ” ಎಂದು ನನ್ನ ಕೆನ್ನೆ ಹಿಡಿದಳು. ಅಮ್ಮ ತೀರಿಕೊಂಡಾಗ ನಾನು ಇನ್ನೂ ಸರಿಯಾಗಿ ಮಾತು ಬಾರದ ಮಗು. ಅಂದಿನಿಂದ ನನ್ನನ್ನು ಸಾಕಿದವಳು ಅವಳು. ತವರು ಅಂತ ನನಗಿರುವುದು ಅದೊಂದೇ ಮನೆ. ಆದರೂ ಅವಳ ಬೆರಳಿನ ಸೊಪ್ಪಿನ ರಸ ಕೆನ್ನೆಗೆ ಹತ್ತಿತೇನೋ ಎಂದು ಬ್ಯಾಗಿನ ಕನ್ನಡಿಯಲ್ಲಿ ನೋಡಿಕೊಂಡೆ.

ಸಂಚಿ ಬೇಕು ಎಂದದ್ದೇ ತಡ, ಸೊಂಟದಿಂದ ತೆಗೆದಳು. ಅವಳ ಮದುವೆಯ ವರ್ಷ ಹೊಲಿದದ್ದು. ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಒಂದರೊಳಗೊಂದು. ಎಲ್ಲವನ್ನೂ ಸೆರಗಿಗೆ ಸುರುವಿಕೊಂಡು ಗಂಟು ಹಾಕಿಕೊಂಡಳು.

“ನನ್ನ ಸಂಚೀನ ಮೇಜಿನ ಮೇಲೆ ಇಡ್ತಾರಾ? ಕೋಲಾರದ ಹೆಂಗಸ್ರೆಲ್ಲಾ ನೋಡ್ತಾರಾ? ತಾಳೇ, ಒಗೆದಾದ್ರೂ ಕೊಡ್ತೀನಿ.”

“ಬೇಡಮ್ಮ, ಹೀಗೇ ಚೆನ್ನಾಗಿದೆ” ಎಂದರು ಶ್ಯಾಮಲಮ್ಮನವರು. ಅವರು ಕಾಫಿ ಬೇಡವೆಂದು ಚಾಪೆಯ ಮೇಲೇ ಕೂತು ಮಜ್ಜಿಗೆ ಕುಡಿದರು. ಕುರ್ಚಿಗಾಗಿ ನಾನು ಪಟ್ಟ ಸಂಕಟ ವ್ಯರ್ಥವಾಯಿತು.

ಹೊರಡುವಾಗ ದೊಡ್ಡಮ್ಮ ಮೊರ ತಂದಳು. ಅಕ್ಕಿ, ಅರಿಶಿನದ ಕೊನೆ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ, ತೆಂಗಿನಕಾಯಿ. ಡ್ರೈವರು ಆಗಲೇ ಹಾರನ್ ಮಾಡಿದ್ದ. ನಾನು ಉಟ್ಟಿದ್ದು ಗಂಜಿ ಹಾಕಿ ಇಸ್ತ್ರಿ ಮಾಡಿದ ಗುಲಾಬಿ ಆರ್ಗಂಡಿ ಸೀರೆ. ಸೆರಗೊಡ್ಡಿ ಅಕ್ಕಿ ಬೆಲ್ಲ ತುಂಬಿಸಿಕೊಂಡು ಮ್ಯಾನೇಜರರ ಕಾರು ಹತ್ತುವುದೇ? ನಾನು ಟಿಕ್ ಎಂದು ಬ್ಯಾಗು ತೆರೆದು ಮುಂದೆ ಹಿಡಿದೆ.

“ಇದಕ್ಕೇ ಹಾಕ್ಬಿಡು ದೊಡ್ಡಮ್ಮ.”

ಅಕ್ಕಿ ತುಂಬಿದ ಅವಳ ಬೊಗಸೆ ಹಾಗೇ ನಿಂತಿತು. ನನ್ನ ಮುಖ ನೋಡಿದಳು, ಬ್ಯಾಗು ನೋಡಿದಳು.

“ಚರ್ಮದ್ದಲ್ವೇನೇ ಇದು?”

ಚರ್ಮಕ್ಕೆ ಅವಳು ಮಡಿಲಕ್ಕಿ ಹಾಕುವವಳಲ್ಲ. ಶ್ಯಾಮಲಮ್ಮನವರು ಪಕ್ಕದಲ್ಲೇ ನಿಂತಿದ್ದರು. ಬೇರೆ ದಾರಿಯೇ ಇರಲಿಲ್ಲ.

“ಅಲ್ಲ ದೊಡ್ಡಮ್ಮ. ರೆಕ್ಸಿನ್ನು” ಎಂದೆ. ಕಿವಿಯೆಲ್ಲ ಬಿಸಿಯಾಯಿತು.

ದೊಡ್ಡಮ್ಮ ಅಕ್ಕಿ ಸುರಿದಳು. ತೆಂಗಿನಕಾಯಿ ಬ್ಯಾಗಿನ ಬಾಯಿಗೆ ಹಿಡಿಸಲಿಲ್ಲ. ಅದನ್ನು ತಿರುಗಿ ಮೊರದಲ್ಲಿ ಇಟ್ಟುಕೊಂಡಳು. ಮಡಿಲಿನಿಂದ ಒಂದು ಹಿಡಿ ತವರಿಗೆ ಬಿಟ್ಟುಬರುವುದು ನಮ್ಮಲ್ಲಿ ರೂಢಿ. ಅದು ಕಾರು ಹತ್ತಿದ ಮೇಲೆ ನೆನಪಾಯಿತು.

ಆಮೇಲೆ ಶ್ಯಾಮಲಮ್ಮನವರ ಸರದಿ. ಅವರು ತಮ್ಮ ಬ್ಯಾಗನ್ನು ಜಗಲಿಯ ಮೇಲಿಟ್ಟು, ಎರಡೂ ಕೈಯಿಂದ ಸೆರಗು ಒಡ್ಡಿದರು. ಅವರದು ಮೈಸೂರು ಸಿಲ್ಕು. ಹಳ್ಳಿಯವರ ಮನಸ್ಸು ನೋಯಿಸಬಾರದು ಎಂದು ಹಾಗೆ ಮಾಡಿರಬೇಕು. ದೊಡ್ಡವರ ಮನೆಯ ಹೆಂಗಸರಿಗೆ ಇಂಥದೆಲ್ಲ ಗೊತ್ತಿರುತ್ತದೆ.

ದಾರಿಯುದ್ದಕ್ಕೂ ಅವರು ರೆಕ್ಸಿನ್ನಿನ ಮಾತೆತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಸುಳ್ಳುಗಾತಿ ಎಂದುಕೊಂಡಿರುತ್ತಾರೆ. ಇನ್ನು ಸಮಾಜಕ್ಕೆ ಯಾವ ಮುಖ ಹೊತ್ತು ಹೋಗಲಿ?

ಫೆಬ್ರವರಿ 2

ಬ್ಯಾಗು ತೆರೆದರೆ ಗೋಳು. ಪೌಡರಿನ ಡಬ್ಬಿಯ ಮುಚ್ಚಳ ಕಳಚಿ ಅಕ್ಕಿಯೆಲ್ಲ ಪೌಡರು. ಬೆಲ್ಲ ಬಾಚಣಿಗೆಗೆ ಅಂಟಿಕೊಂಡಿದೆ. ಲೈನಿಂಗಿನ ತುಂಬ ಕಲೆ. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮನೆ ಮಾಲೀಕರಾದ ಮುನಿಯಲ್ಲಮ್ಮನವರು ಹಿತ್ತಲಲ್ಲಿ ಕೋಳಿ ಸಾಕಿದ್ದಾರೆ. ಅಕ್ಕಿಯನ್ನು ತೆಗೆದುಕೊಂಡು ಹೋಗಿ ಅಲ್ಲಿ ಎರಚಿದೆ. ಅವರು ನೋಡಿ ಓಡಿಬಂದರು.

“ಅರಿಶಿನದ ಕೊನೆ ಐತಲ್ಲಮ್ಮ ಇದರಾಗೆ! ಮಡಿಲಕ್ಕಿ ಅಲ್ವಾ?”

“ಪೌಡರ್ ಬಿದ್ದೋಗಿದೆ.”

“ತೊಳೆದ್ರೆ ಹೋಗ್ತಿತ್ತಲ್ಲಮ್ಮ. ಇದನ್ನ ಬೇಯಿಸ್ಕೊಂಡು ನೀವೇ ತಿನ್ಬೇಕು. ಕೋಳಿಗಾ ಹಾಕೋದು?”

ಹೌದಲ್ಲ, ತೊಳೆದರೆ ಹೋಗುತ್ತಿತ್ತು. ಅಷ್ಟರಲ್ಲಿ ಕೋಳಿಗಳು ಮುಗಿಸಿದ್ದವು. ಅರಿಶಿನದ ಕೊನೆಯನ್ನು ಮುನಿಯಲ್ಲಮ್ಮನವರು ಆರಿಸಿ, ಸೆರಗಿನಲ್ಲಿ ಒರೆಸಿ, ನನ್ನ ಕೈಯಲ್ಲಿಟ್ಟರು.

ಫೆಬ್ರವರಿ 5

ಬಾಚಣಿಗೆ ತೆಗೆದರೆ ಅದರ ಹಲ್ಲಿನ ಸಂದಿಯಲ್ಲಿ ಒಂದು ಅಕ್ಕಿಕಾಳು. ಎಷ್ಟು ಒದರಿದರೂ ಇನ್ನೂ ಎಲ್ಲಿ ಅಡಗಿದೆಯೋ. ಕಿಟಕಿಯಾಚೆ ಎಸೆದೆ.

ಫೆಬ್ರವರಿ 10

ಪ್ರದರ್ಶನದ ಕೆಲಸಕ್ಕೆ ಸಮಾಜಕ್ಕೆ ಹೋಗಿದ್ದೆ. ಶ್ಯಾಮಲಮ್ಮನವರು ಮೊದಲಿನ ಹಾಗೆಯೇ ಇದ್ದರು. ರೆಕ್ಸಿನ್ನಿನ ವಿಷಯ ಯಾರಿಗೂ ಹೇಳಿಲ್ಲ. ದೇವರು ದೊಡ್ಡವನು.

ಮನೆಗೆ ಬಂದರೆ ಬಾಗಿಲ ಬಳಿ ಒಂದು ತೆಂಗಿನಕಾಯಿ. ಅವತ್ತು ಹಿಡಿಸದೆ ಹೋದದ್ದೇ, ಜುಟ್ಟಿಗೆ ಕುಂಕುಮ ಹಚ್ಚಿದ್ದು. ಮಡಿಲು ಅರ್ಧವಾಗಬಾರದು ಎಂದು ದೊಡ್ಡಮ್ಮ ಬಸ್ಸು ಹತ್ತಿ ಬಂದಿದ್ದಳಂತೆ. ನಾನಿಲ್ಲದ್ದರಿಂದ ಹಿತ್ತಲಲ್ಲಿ ಮುನಿಯಲ್ಲಮ್ಮನವರ ಜೊತೆ ಮಾತಾಡುತ್ತಾ ಕೂತಿದ್ದಳಂತೆ. ಸಂಜೆವರೆಗೂ ಇರುತ್ತೇನೆ ಎಂದವಳು ಇದ್ದಕ್ಕಿದ್ದಂತೆ ಎದ್ದು ಹೊರಟುಹೋದಳಂತೆ. ಹುಳುವಿಗೆ ಸೊಪ್ಪು ಹಾಕುವ ಹೊತ್ತು ನೆನಪಾಗಿರಬೇಕು. ಇದ್ದಿದ್ದರೆ ಮಾತಾಡಿಸಬಹುದಿತ್ತು.

ಫೆಬ್ರವರಿ 15, ಭಾನುವಾರ

ಪ್ರದರ್ಶನ ಮುಗಿಯಿತು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಇಟ್ಟಿದ್ದರು. ಮೊದಲು ದೊಡ್ಡಮ್ಮನ ಸಂಚಿ, ಕೊನೆಯಲ್ಲಿ ಮುಂಬಯಿಯಿಂದ ಬಂದ ಹೊಸ ಮಾದರಿ. ನನ್ನದು ಮಧ್ಯದಲ್ಲಿ ಎಲ್ಲೋ ಇತ್ತು. ಒಳಗಿನ ಕಲೆ ಕಾಣದಿರಲಿ ಎಂದು ಮುಚ್ಚಿಯೇ ಇಟ್ಟಿದ್ದೆ. ಸಂಚಿಯ ಮುಂದಿನ ಚೀಟಿ ಬರೆದವಳು ನಾನು. “ಹಿಂದಿನ ಕಾಲದ ಹಳ್ಳಿಯ ಹೆಂಗಸರು ಬಳಸುತ್ತಿದ್ದ ಚೀಲ.” ಬರೆಯುವಾಗ ಏನೂ ಅನ್ನಿಸಲಿಲ್ಲ. ಮೇಜಿನ ಮೇಲೆ ನೋಡಿದಾಗ, ಅದರ ಒಡತಿ ಈ ಹೊತ್ತು ಎಲೆ ಅಡಿಕೆಯನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾಳಲ್ಲ ಎಂದು ನೆನಪಾಯಿತು.

ಶ್ಯಾಮಲಮ್ಮನವರು ತುಂಬ ಚೆನ್ನಾಗಿ ಮಾತಾಡಿದರು. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಹೆಂಗಸರು ಲಂಗದ ಒಳಗೆ ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಿದ್ದರಂತೆ. ಉಡುಪು ತೆಳ್ಳಗಾಗುತ್ತಾ ಬಂದ ಹಾಗೆ ಒಳಗೆ ಜಾಗವಿಲ್ಲದೆ ಚೀಲ ಹೊರಗೆ, ಕೈಗೆ ಬಂತಂತೆ. ಆಗ ನೋಡಿದವರು ನಕ್ಕಿದ್ದರಂತೆ. “ಒಳಗಿದ್ದಾಗ ಅದು ನಮ್ಮ ಸಾಮಾನಿಗೆ ಇತ್ತು. ಕೈಗೆ ಬಂದ ಮೇಲೆ ನೋಡುವವರಿಗೂ ಆಯಿತು. ಅಲ್ಲಿಂದ ಚಪ್ಪಲಿಗೆ ಹೊಂದಬೇಕು, ಸೀರೆಗೆ ಹೊಂದಬೇಕು ಎಂದು ಶುರುವಾಯಿತು” ಎಂದು ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕೊನೆಗೆ ಸಾಮಾನು ಕಟ್ಟುವಾಗ ಅವರು ಸಂಚಿಯನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದರು.

“ನಮ್ಮಮ್ಮನ ಸಂಚೀದೂ ಇದೇ ವಾಸನೆ, ಅನಸೂಯಾ. ನನ್ನ ತವರು ಶ್ರೀನಿವಾಸಪುರದಲ್ಲಿ ಅಮ್ಮ ತೀರಿಕೊಂಡ ಮೇಲೆ ನನಗೆ ಮತ್ತೆ ಮಡಿಲು ತುಂಬಿದ್ದು ನಿಮ್ಮ ದೊಡ್ಡಮ್ಮನೇ. ಆ ಅಕ್ಕೀಲೇ ಮನೆಗೆ ಹೋಗಿ ಪಾಯಸ ಮಾಡ್ದೆ. ನೀವೂ ಮಾಡಿರ್ತೀರಲ್ಲ?”

“ಹೂಂ” ಎಂದೆ.

“ದೊಡ್ಡಮ್ಮನನ್ನ ಇವತ್ತು ಕರೀಬೇಕಿತ್ತು ನಾವು.”

“ಹುಳು ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಬರೋಕೆ ಆಗಲ್ಲ ಅಂದ್ರು” ಎಂದೆ. ನಾನು ಕರೆದೇ ಇರಲಿಲ್ಲ. ಒಂದು ಉಸಿರಿಗೆ ಎರಡು ಸುಳ್ಳು. ರೆಕ್ಸಿನ್ನಿನ ಸುಳ್ಳು ಇವುಗಳ ಮುಂದೆ ಯಾವ ಲೆಕ್ಕ!

ಫೆಬ್ರವರಿ 22, ಭಾನುವಾರ

ಸಂಚಿ ಹಿಂದಿರುಗಿಸಲು ಬಸ್ಸಿನಲ್ಲಿ ಒಬ್ಬಳೇ ಟೇಕಲ್‌ಗೆ ಹೋದೆ.

ಕುರ್ಚಿಯ ಮೇಲೆ ಪಂಚೆ ಇರಲಿಲ್ಲ. ದೊಡ್ಡಮ್ಮ ಅದನ್ನು ಒರೆಸಿ ನಡುಮನೆಯಲ್ಲಿ ಹಾಕಿದಳು.

“ಬನ್ನಿ. ಕೂತ್ಕೊಳ್ಳಿ.”

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಕಾಫಿ ತಂದುಕೊಟ್ಟಳು. ಅವಳು ನಮಗೆಲ್ಲ ಕಾಫಿ ಮಾಡುವವಳೇ ಅಲ್ಲ, ಅದು ಬಂದವರಿಗೆ ಮಾತ್ರ. ನಾನು ಹುಳುವಿನ ಮನೆಗೆ ಹೋಗಲು ಎದ್ದರೆ, “ಬೇಡಿ, ಸೀರೆ ಕೊಳೆಯಾಗುತ್ತೆ” ಎಂದಳು.

ಸಂಚಿ ಕೊಟ್ಟೆ. ಬಹಳ ಜನ ಮೆಚ್ಚಿದರು ಎಂದೆ. ತೆಗೆದುಕೊಂಡು ಗೋಡೆಯ ಗೂಡಿನಲ್ಲಿ ಇಟ್ಟಳು. ಅವಳ ಎಲೆ ಅಡಿಕೆ ಸೆರಗಿನ ಗಂಟಿನಲ್ಲೇ ಇತ್ತು.

“ಸಿಗಿಸ್ಕೊಳಲ್ವಾ?”

“ಮೇಜಿನ ಮೇಲೆ ಇಟ್ಟಿದ್ದ ಸಾಮಾನು. ಸೊಂಟಕ್ಯಾಕೆ” ಎಂದಳು. ಆಮೇಲೆ ಕೇಳಿದಳು. “ಆ ಅಕ್ಕಿ ಏನ್ ಮಾಡಿದ್ರಿ?”

“ಪಾಯಸ ಮಾಡ್ದೆ ದೊಡ್ಡಮ್ಮ.”

“ಚೆನ್ನಾಗಿತ್ತಾ?”

“ಹೂಂ.”

ಅವಳು ನನ್ನನ್ನೇ ನೋಡಿದಳು. ಇನ್ನೇನೋ ಹೇಳುತ್ತೇನೆ ಎಂದು ಕಾಯುತ್ತಿದ್ದ ಹಾಗೆ ನೋಡಿದಳು. ನಾನು ಕಾಫಿ ಲೋಟ ನೋಡುತ್ತಾ ಕೂತೆ.

ಹೊರಡುವಾಗ ಕುಂಕುಮದ ಬಟ್ಟಲು ತಂದಳು. ಹಣೆಗಿಟ್ಟುಕೊಂಡೆ. ಕಾಯುತ್ತಾ ನಿಂತೆ. ಮೊರ ಬರಲಿಲ್ಲ. “ಬಸ್ಸಿಗೆ ಹೊತ್ತಾಯ್ತೇನೋ” ಎಂದಳು. ಬೇಕೆಂದೇ ಬ್ಯಾಗನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದೆ. ಏನೂ ಪ್ರಯೋಜನವಾಗಲಿಲ್ಲ.

ದೊಡ್ಡಪ್ಪ ಬಸ್ಸಿನವರೆಗೂ ಬಂದರು. “ಅವಳು ಏನೂ ಹೇಳ್ತಿಲ್ಲ ಕಣಮ್ಮ. ಕೋಲಾರಕ್ಕೆ ಬಂದು ಹೋದಾಗಿಂದ ಹಿಂಗೇ” ಎಂದರು. ಕೋಲಾರದಲ್ಲಿ ಏನಾಯಿತು ಎಂದು ನನಗೆ ಹೇಗೆ ಗೊತ್ತಿರಬೇಕು? ನಾನು ಮನೆಯಲ್ಲೇ ಇರಲಿಲ್ಲವಲ್ಲ. ಬಸ್ಸಿನಲ್ಲಿ ಅತ್ತೆ. ಮನೆಗೆ ಬಂದೂ ಅತ್ತೆ. ಅವಳು ಬೈದಿದ್ದರೆ, ನಾಲ್ಕು ಬಾರಿಸಿದ್ದರೂ ತಡೆದುಕೊಳ್ಳುತ್ತಿದ್ದೆ. ‘ಬನ್ನಿ’ ಎಂದುಬಿಟ್ಟಳಲ್ಲ.

ಮಾರ್ಚ್ 3

ತಲೆನೋವು. ಏನೂ ಬರೆಯಬೇಕೆನ್ನಿಸುವುದಿಲ್ಲ.

ಮಾರ್ಚ್ 11

ಮಾರ್ಕೆಟ್ಟಿಗೆ ಹೋಗಿಬಂದೆ. ವೈರ್ ಬ್ಯಾಗಿನಲ್ಲಿ ಎಷ್ಟೊಂದು ಹಿಡಿಸುತ್ತದೆ. ಶ್ಯಾಮಲಮ್ಮನವರು ಕಾರಿನಿಂದ ಕೈಬೀಸಿದರು. ನಾನೂ ಬೀಸಿದೆ, ಕೈಯಲ್ಲಿ ಹೀರೆಕಾಯಿ ಇತ್ತು.

ಮಾರ್ಚ್ 19

ಇವರ ಜೊತೆ ಸಿನಿಮಾಕ್ಕೆ ಹೋಗಿದ್ದೆ. ಕರವಸ್ತ್ರಕ್ಕೆಂದು ಬ್ಯಾಗಿನಲ್ಲಿ ಕೈ ಹಾಕಿದರೆ ಬೆರಳಿಗೆ ಮತ್ತೊಂದು ಅಕ್ಕಿಕಾಳು, ಲೈನಿಂಗಿನ ಹೊಲಿಗೆಯಲ್ಲಿ. ಸಿನಿಮಾ ಮುಗಿಯುವವರೆಗೂ ಅದನ್ನು ಹೊರಳಿಸುತ್ತಾ ಕೂತಿದ್ದೆ. ಎಸೆಯಲಿಲ್ಲ, ಇದ್ದಲ್ಲೇ ಬಿಟ್ಟೆ. ಕಥೆ ಏನು ಎಂದು ಕೇಳಿದರೆ ಹೇಳಲಾರೆ.

ಮಾರ್ಚ್ 28

ಮುನಿಯಲ್ಲಮ್ಮನವರು ಕೋಳಿಗಳಿಗೆ ನುಚ್ಚು ಹಾಕುತ್ತಿದ್ದರು. ನಾನು ಹಿತ್ತಲಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಬಟ್ಟೆಯನ್ನೂ ಒಳಗೇ ಒಣಹಾಕುತ್ತಿದ್ದೇನೆ. ಇವರು ನಿನ್ನೆ, “ಹಬ್ಬಕ್ಕೆ ಟೇಕಲ್‌ಗೆ ಹೋಗಲ್ವಾ? ಆರ್ಗಂಡಿ ಇಸ್ತ್ರಿಗೆ ಕೊಡಲಾ?” ಎಂದು ಕೇಳಿದರು. ಆರ್ಗಂಡಿ ಬೇಡ ಎಂದೆ. ಹೋಗುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಏಪ್ರಿಲ್ 6, ಸೋಮವಾರ

ಯುಗಾದಿಯ ಮಾರನೇ ದಿನ. ಇವರನ್ನು ಕೆಲಸಕ್ಕೆ ಕಳಿಸಿ ಮೊದಲ ಬಸ್ಸಿಗೆ ಹೋದೆ. ಉಟ್ಟದ್ದು ಮನೆಯಲ್ಲಿ ಉಡುವ ನೂಲಿನ ಸೀರೆ.

“ಬನ್ನಿ” ಎಂದಳು ದೊಡ್ಡಮ್ಮ. ಕುರ್ಚಿ ತರಲು ತಿರುಗಿದಳು. ನಾನು ಕೂರಲಿಲ್ಲ. ಬ್ಯಾಗನ್ನು ಬಾಗಿಲ ಮೊಳೆಗೆ ನೇತುಹಾಕಿ, ಸೆರಗು ಸೊಂಟಕ್ಕೆ ಸಿಗಿಸಿ ಹುಳುವಿನ ಮನೆಗೆ ಹೋಗಿ, ಚಾಕು ತೆಗೆದುಕೊಂಡು ಸೊಪ್ಪು ಹೆಚ್ಚತೊಡಗಿದೆ. ಅವಳು ಬಂದು ಬಾಗಿಲಲ್ಲಿ ನಿಂತಳು. ಕತ್ತೆತ್ತಿ ನೋಡುವ ಧೈರ್ಯ ಬರಲಿಲ್ಲ. ನನ್ನ ಕಣ್ಣು ಮಂಜಾಗಿ ಸೊಪ್ಪೇ ಸರಿಯಾಗಿ ಕಾಣುತ್ತಿರಲಿಲ್ಲ.

“ಏನೇ ಅದು, ಅಷ್ಟು ದಪ್ಪಕ್ಕಾ ಹೆಚ್ಚೋದು? ಮರಿಹುಳ ಅದನ್ನ ತಿನ್ನುತ್ತೇನೇ? ಸರಿ ಆ ಕಡೆ, ಕೊಡಿಲ್ಲಿ!”

ಚಾಕು ಕಿತ್ತುಕೊಂಡಳು. ನಾನು ಸರಿದು ಕೂತೆ. ಆಮೇಲೆ ಅವಳು ಹೆಚ್ಚಿದಳು, ನಾನು ಹುಳುವಿನ ತಟ್ಟೆಗೆ ಉದುರಿಸಿದೆ. ಮಧ್ಯಾಹ್ನ ಮುದ್ದೆ ಬಸ್ಸಾರು. ಕಾಫಿ ಕೊಡಲಿಲ್ಲ.

ಹೊರಡುವ ಹೊತ್ತಾಯಿತು. ಕುಂಕುಮದ ಬಟ್ಟಲು ಬಂತು. ಹಣೆಗೆ ಇಟ್ಟುಕೊಂಡು ಹೊಸ್ತಿಲ ಒಳಗೇ ನಿಂತು ಸೆರಗು ಒಡ್ಡಿದೆ. ಯಾರೂ ಕೊಡದಿದ್ದಾಗ ತಾನಾಗಿ ಸೆರಗೊಡ್ಡಿ ನಿಲ್ಲುವವಳು ಭಿಕ್ಷೆಯವಳು ಎನ್ನುತ್ತಾರೆ. ಅನ್ನಲಿ. ದೊಡ್ಡಪ್ಪ ಜಗಲಿಯಿಂದ ನೋಡುತ್ತಿದ್ದವರು ಎದ್ದು ಹಸುವಿನ ಕಡೆಗೆ ಹೋದರು.

ದೊಡ್ಡಮ್ಮ ಒಳಗೆ ಹೋದಳು. ಬರುವುದಿಲ್ಲ ಎಂದುಕೊಂಡೆ. ಕೈ ಸೋತು ಸೆರಗು ಇಳಿಯುತ್ತಿತ್ತು. ಅಷ್ಟರಲ್ಲಿ ಮೊರ ಹಿಡಿದು ಬಂದಳು. ಅಕ್ಕಿ, ಬೆಲ್ಲ, ಕಾಯಿ, ಎಲ್ಲವೂ ಇತ್ತು. ಬೊಗಸೆ ತುಂಬ ತೆಗೆದು ನನ್ನ ಮಡಿಲಿಗೆ ಹಾಕುತ್ತಾ, ಮೆಲ್ಲಗೆ, ದೊಡ್ಡಪ್ಪನಿಗೂ ಕೇಳಿಸದ ಹಾಗೆ ಹೇಳಿದಳು.

“ಇದನ್ನ ಕೋಳಿಗೆ ಹಾಕ್ಬೇಡ ಕಣೇ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತೆಂಗಿನಕಾಯಿ ಹೊತ್ತು ಬಂದು ಹಿತ್ತಲಲ್ಲಿ ಮುನಿಯಲ್ಲಮ್ಮನವರ ಜೊತೆ ಕೂತ ದಿನದಿಂದ ಅವಳಿಗೆ ಗೊತ್ತಿತ್ತು. ಪಾಯಸ ಚೆನ್ನಾಗಿತ್ತಾ ಎಂದು ಕೇಳಿದಾಗಲೂ ಗೊತ್ತಿತ್ತು. ಮಡಿಲಿನಿಂದ ಒಂದು ಹಿಡಿ ತೆಗೆದು ಮೊರಕ್ಕೆ ಹಾಕಿದೆ. ಅವಳು ಅದನ್ನು ನೋಡಿ, “ಹೋಗು, ಬಸ್ ಹೋಗ್ಬಿಡುತ್ತೆ” ಎಂದು ಬೈದಳು.

ಬಸ್ಸಿನಲ್ಲಿ ಸೆರಗು ಬಿಡಲಿಲ್ಲ. ಕಂಡಕ್ಟರು ಬಂದ. ನನಗೆ ಕೈ ಬಿಡುವಿರಲಿಲ್ಲ. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದರು. ಭುಜದ ಮೇಲಿದ್ದ ಬ್ಯಾಗು ತೋರಿಸಿ, “ಇದನ್ನ ತೆಗೆದು ದುಡ್ಡು ಕೊಡ್ತೀರಾ?” ಎಂದೆ. ಅವರು ಕೊಂಡಿಯ ಜೊತೆ ಗುದ್ದಾಡಿ ತೆರೆದು, ಮಣ್ಣಿನ ಕೈಯನ್ನು ಒಳಗೆ ಹಾಕಿ ಹುಡುಕಿದರು. ದುಡ್ಡು ಕೊಟ್ಟ ಮೇಲೆ ಬೆರಳ ತುದಿಯನ್ನು ನೋಡಿ ನಕ್ಕರು.

“ಇದರಾಗೂ ಅಕ್ಕಿ ಐತಲ್ಲಮ್ಮ!”

“ಅದನ್ನೂ ಇದಕ್ಕೇ ಹಾಕ್ಬಿಡಿ” ಎಂದು ಸೆರಗು ಅಗಲ ಮಾಡಿದೆ.

ನಾಳೆ ಎಲ್ಲ ಸೇರಿಸಿ ಪಾಯಸ ಮಾಡಬೇಕು. ಮುನಿಯಲ್ಲಮ್ಮನವರಿಗೂ ಒಂದು ಲೋಟ ಕೊಡಬೇಕು, ಮುಖ ಕೊಟ್ಟು ಮಾತಾಡಲು ಆಗದಿದ್ದರೂ.